ಚೆಸ್ ಆಟಗಾರರೆಲ್ಲ ಯಾಕಿಷ್ಟು ವಿಚಿತ್ರ?

ಪ್ರಶ್ನೆ: ಚೆಸ್ ಆಟಗಾರರ ಬಗ್ಗೆ ಏನೇನೋ ಕಥೆಗಳನ್ನು ಓದುತ್ತಲೇ ಇರುತ್ತೇನೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊಸರಿನ ವಿಷಯಕ್ಕೆ ಜಗಳವಾಯಿತಂತೆ. ಒಬ್ಬರು ಸತ್ತವರ ಜೊತೆ ಆಡಿದರಂತೆ, ಇನ್ನೊಬ್ಬರು ದೇವರ ಜೊತೆಗೇ ಆಡಿದರಂತೆ. ಇದರಲ್ಲಿ ಎಷ್ಟು ನಿಜ? ಚೆಸ್ ಜಾಸ್ತಿ ಆಡಿದರೆ ತಲೆ ಕೆಡುತ್ತಾ? ನನ್ನ ಹತ್ತು ವರ್ಷದ ಮಗಳು ಈಗ ಆಟ ಕಲಿಯುತ್ತಿದ್ದಾಳೆ. ಇಂಥವರ ಆಟಗಳನ್ನು ಅವಳಿಗೆ ತೋರಿಸಬಹುದಾ?

ಉತ್ತರ:

ಮೊಸರಿನ ಜಗಳ ನಿಜ. ಸತ್ತವರ ಜೊತೆ ಆಟ ಆಡಿದ್ದೂ ಒಂದು ರೀತಿಯಲ್ಲಿ ನಿಜ. ದೇವರ ಜೊತೆ ಆಡಿದ್ದಕ್ಕೆ ಮಾತ್ರ ಆಧಾರ ಇಲ್ಲ. ಈ ಕಥೆಗಳನ್ನು ಸುಮ್ನೆ ನಗೆಹನಿಯ ಹಾಗೆ ಹೇಳಿ ಬಿಟ್ಟುಬಿಡುವುದು ನನಗೆ ಇಷ್ಟವಿಲ್ಲ. ಹುಚ್ಚಾಟ ಅಂತ ಕಾಣಿಸುವುದರಲ್ಲಿ ಬಹುಪಾಲಿಗೆ ಒಂದು ಸರಳ ಕಾರಣ ಇರುತ್ತದೆ. ಬಡತನ, ದೇಶ ಬಿಟ್ಟ ಸಂಕಟ, ಐದು ಗಂಟೆ ಬಾಯಿ ಬಿಡದೆ ಎದುರುಬದುರು ಕೂರಬೇಕಾದ ಪರಿಸ್ಥಿತಿ, ಹೀಗೆ. ಅದು ಗೊತ್ತಾದರೆ ಕಥೆಯ ರುಚಿ ಇನ್ನೂ ಹೆಚ್ಚುತ್ತದೆ.

ಮೊಸರಿನಿಂದಲೇ ಶುರು ಮಾಡೋಣ. 1978, ಫಿಲಿಪ್ಪೀನ್ಸ್‌ನ ಬಾಗಿಯೊ. ಚಾಂಪಿಯನ್ ಅನಾತೊಲಿ ಕಾರ್ಪೋವ್ ಎದುರು ವಿಕ್ಟರ್ ಕೊರ್ಚ್ನೊಯ್. ಎರಡನೇ ಆಟ ನಡೆಯುತ್ತಿದ್ದಾಗ ಕಾರ್ಪೋವ್‌ಗೆ ಅವರ ತಂಡದವರು ನೇರಳೆ ಬಣ್ಣದ ಹಣ್ಣಿನ ಮೊಸರು ಕಳಿಸಿದರು. ಕೊರ್ಚ್ನೊಯ್ ಕಡೆಯವರು ದೂರು ಕೊಟ್ಟರು. ಇಂಥ ಹೊತ್ತಿಗೆ ಇಂಥ ಬಣ್ಣದ ಮೊಸರು ಬಂದರೆ 'ಡ್ರಾ ಕೇಳು' ಅಂತಲೋ 'ಡ್ರಾ ಒಪ್ಪಬೇಡ' ಅಂತಲೋ ಸಂಕೇತ ಇರಬಹುದಲ್ಲ ಅನ್ನುವುದು ಅವರ ವಾದ. ಕೊನೆಗೆ ಮೊಸರು ನಿಗದಿಯಾದ ಹೊತ್ತಿಗೆ, ಗೊತ್ತುಪಡಿಸಿದ ಒಬ್ಬನ ಕೈಯಲ್ಲೇ ಬರಬೇಕು ಅಂತ ತೀರ್ಮಾನವಾಯಿತು. ವಿಶ್ವ ಚಾಂಪಿಯನ್‌ಷಿಪ್‌ನ ತೀರ್ಪುಗಾರರು ಕೂತು ಮೊಸರಿಗೆ ನಿಯಮ ಬರೆದರು.

ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಸೋವಿಯತ್ ತಂಡ ವ್ಲಾದಿಮಿರ್ ಝುಖಾರ್ ಅನ್ನುವ ಮನೋವಿಜ್ಞಾನಿಯನ್ನು ಕರೆತಂದಿತ್ತು. ಅವರು ಪ್ರೇಕ್ಷಕರ ನಡುವೆ ಮುಂದೆ ಕೂತು ಕೊರ್ಚ್ನೊಯ್ ಅವರನ್ನೇ ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತಿದ್ದರು. ಕೊರ್ಚ್ನೊಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಹಾಕಿಕೊಂಡು ಬಂದರು. ಅವರ ಕುರ್ಚಿಯನ್ನು ಬಿಚ್ಚಿ, ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದರು. ಮೇಜಿನ ಮೇಲೆ ಯಾವ ಬಾವುಟ ಇಡಬೇಕು ಅನ್ನುವುದಕ್ಕೂ ತಕರಾರು ಬಂತು, ಕೊನೆಗೆ ಯಾರ ಬಾವುಟವೂ ಇರಲಿಲ್ಲ. ಝುಖಾರ್‌ಗೆ ಪ್ರತಿಯಾಗಿ ಕೊರ್ಚ್ನೊಯ್ ಆನಂದಮಾರ್ಗ ಪಂಥದ ಇಬ್ಬರನ್ನು ಧ್ಯಾನ ಹೇಳಿಕೊಡಲು ಕರೆಸಿಕೊಂಡರು. ಅವರ ಮೇಲೆ ಬೇರೆ ಕ್ರಿಮಿನಲ್ ಪ್ರಕರಣ ಇತ್ತು, ಅದೂ ದೊಡ್ಡ ಗಲಾಟೆಯಾಯಿತು.

ಈಗ ಇದರ ಹಿನ್ನೆಲೆ ನೋಡಿ. ಕೊರ್ಚ್ನೊಯ್ 1976ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೋವಿಯತ್ ದೇಶ ತೊರೆದಿದ್ದರು. ಹೆಂಡತಿ, ಮಗ ಅಲ್ಲೇ ಉಳಿದಿದ್ದರು, ಅವರನ್ನು ಹೊರಗೆ ಬಿಡುತ್ತಿರಲಿಲ್ಲ. ಮುಂದೆ ಮಗ ಸೇನೆಗೆ ಸೇರದೆ ತಪ್ಪಿಸಿಕೊಂಡ ಅಂತ ಜೈಲು ಕೂಡ ಸೇರಿದ. ಕೊರ್ಚ್ನೊಯ್ ಆಡುವ ಟೂರ್ನಿಗಳಿಗೆ ಸೋವಿಯತ್ ಆಟಗಾರರು ಬಹಿಷ್ಕಾರ ಹಾಕುತ್ತಿದ್ದರು. ಇಡೀ ಒಂದು ದೇಶ ತನ್ನ ವಿರುದ್ಧ ನಿಂತಿದೆ ಅಂತ ಈ ಮನುಷ್ಯನಿಗೆ ಅನ್ನಿಸಿದ್ದರೆ ಅದು ಭ್ರಮೆ ಅಂತ ಹೇಳಲಾಗುತ್ತದಾ? ಮೊಸರನ್ನು ಅನುಮಾನಿಸಿದ್ದು ಅತಿಯಾಯಿತು, ಒಪ್ಪುತ್ತೇನೆ. ಅನುಮಾನ ಹುಟ್ಟಿದ್ದು ಮಾತ್ರ ಗಾಳಿಯಿಂದಲ್ಲ.

ಆ ಪಂದ್ಯದ ಆಟವನ್ನೇ ಜನ ಮರೆತುಬಿಟ್ಟಿದ್ದಾರೆ, ಅದೇ ನನಗೆ ಬೇಸರ. ಮೊದಲು ಆರು ಗೆದ್ದವರು ಚಾಂಪಿಯನ್, ಡ್ರಾಗಳಿಗೆ ಲೆಕ್ಕವಿಲ್ಲ. 27 ಆಟ ಮುಗಿದಾಗ ಕಾರ್ಪೋವ್ 5–2ರಿಂದ ಮುಂದಿದ್ದರು. ಆಗ 47 ವರ್ಷದ ಕೊರ್ಚ್ನೊಯ್ ಮುಂದಿನ ನಾಲ್ಕರಲ್ಲಿ ಮೂರು ಗೆದ್ದು 5–5 ಮಾಡಿದರು. 32ನೇ ಆಟ ಕಾರ್ಪೋವ್ ಗೆದ್ದರು. ಮೂರು ತಿಂಗಳ ಹೋರಾಟ ಒಂದೇ ಆಟದಲ್ಲಿ ಇತ್ಯರ್ಥವಾಯಿತು.

ಸತ್ತವರ ಜೊತೆ ಆಡಿದ್ದೂ ಇದೇ ಕೊರ್ಚ್ನೊಯ್. 1985ರಲ್ಲಿ ಒಬ್ಬ ಸಂಶೋಧಕರು, ಆತ್ಮಗಳ ಜೊತೆ ಮಾತಾಡುತ್ತೇನೆ ಅನ್ನುವ ಒಬ್ಬ ವ್ಯಕ್ತಿಯ ಮೂಲಕ ಪಂದ್ಯ ಏರ್ಪಡಿಸಿದರು. ಎದುರಾಳಿ, 1951ರಲ್ಲಿ ತೀರಿಕೊಂಡ ಹಂಗೇರಿಯ ದಿಗ್ಗಜ ಗೇಜಾ ಮರೋಟ್ಸಿ. ನಡೆಗಳು ಒಂದೊಂದಾಗಿ ಬಂದು ಆಟ ಮುಗಿಯಲು 1993 ಆಯಿತು. ಕೊರ್ಚ್ನೊಯ್ ಗೆದ್ದರು. ಆಟ ನಡೆಯುತ್ತಿದ್ದಾಗ ಅವರು ಹೇಳಿದ್ದು ಮಜವಾಗಿದೆ: ಎದುರಾಳಿಯ ಓಪನಿಂಗ್ (ಆಟದ ಆರಂಭ) ಹಳೇ ಕಾಲದ್ದು, ಅಷ್ಟೇನೂ ಬಲವಿಲ್ಲ, ಆದರೆ ಎಂಡ್‌ಗೇಮ್ (ಆಟದ ಕೊನೆಯ ಹಂತ) ಚೆನ್ನಾಗಿ ಆಡುತ್ತಾರೆ. ಆತ್ಮ ನಿಜವೋ ಸುಳ್ಳೋ, ಕೊರ್ಚ್ನೊಯ್ ಅದನ್ನೂ ಒಂದು ಆಟ ಅಂತಲೇ ತೆಗೆದುಕೊಂಡರು. ಇದೇ ಮನುಷ್ಯ 2011ರಲ್ಲಿ ಜಿಬ್ರಾಲ್ಟರ್‌ನಲ್ಲಿ, 79ನೇ ವಯಸ್ಸಿನಲ್ಲಿ, 18 ವರ್ಷದ ಫ್ಯಾಬಿಯಾನೊ ಕರುವಾನಾರನ್ನು ಸೋಲಿಸಿದರು. ಆ ವಯಸ್ಸಿನಲ್ಲೂ ಹಾಗೆ ಆಡಬೇಕು ಅಂದರೆ ಎದುರಿಗೆ ಯಾರು ಕೂತರೂ, ಯಾರೂ ಕೂರದಿದ್ದರೂ, ಗೆಲ್ಲಲೇಬೇಕು ಅನ್ನುವ ಹಟ ಇರಬೇಕು.

ಪಾಪ ಮರೋಟ್ಸಿ. ಬದುಕಿದ್ದಾಗಲೂ ಅವರಿಗೆ ಇಂಥದ್ದು ತಪ್ಪಿರಲಿಲ್ಲ. 1924ರ ನ್ಯೂಯಾರ್ಕ್ ಟೂರ್ನಿಯ ಬಿಡುವಿನಲ್ಲಿ ಆಟಗಾರರು ಮೃಗಾಲಯಕ್ಕೆ ಹೋಗಿದ್ದರು. ಅಲ್ಲಿ ಸೂಸನ್ ಅನ್ನುವ ಒರಾಂಗುಟಾನ್ ಇತ್ತು. ಸಾವಿಯೆಲಿ ತಾರ್ತಕೋವರ್ ಅದರ ಹತ್ತಿರ ಸಲಹೆ ಕೇಳಿದರಂತೆ. ಮಾರನೇ ದಿನ ಮರೋಟ್ಸಿ ಎದುರು ಮೊದಲ ನಡೆಯಲ್ಲೇ ರಾಣಿ ಕಡೆಯ ಕುದುರೆಯ ಮುಂದಿನ ಪಾನನ್ನು (ಕಾಲಾಳು) ಎರಡು ಮನೆ ತಳ್ಳಿದರು. ಇವತ್ತಿಗೂ ಆ ಓಪನಿಂಗ್‌ಗೆ ಒರಾಂಗುಟಾನ್ ಅಂತಲೇ ಹೆಸರು. ತಾರ್ತಕೋವರ್ ಮಾತಿನ ಮಲ್ಲ. 'ಸೋಲೊಪ್ಪಿಕೊಂಡು ಯಾರೂ ಇಲ್ಲಿವರೆಗೆ ಆಟ ಗೆದ್ದಿಲ್ಲ' ಅಂದವರು ಅವರೇ.

ಇನ್ನು ದೇವರ ವಿಷಯ. ಈ ಕಥೆ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ವಿಲ್‌ಹೆಲ್ಮ್ ಸ್ಟೈನಿಟ್ಜ್ ಅವರದ್ದು. ದೇವರಿಗೆ ಒಂದು ಪಾನ್ ಬಿಟ್ಟುಕೊಟ್ಟು ಆಡಿ ಗೆದ್ದರು ಅಂತ ಹೇಳುತ್ತಾರೆ. ಇದಕ್ಕೆ ಆ ಕಾಲದ ಗಟ್ಟಿ ದಾಖಲೆ ಇಲ್ಲ. ದಾಖಲೆ ಇರುವುದು ಇನ್ನೂ ದುಃಖದ ಸಂಗತಿಗೆ. 1894ರಲ್ಲಿ ಲಾಸ್ಕರ್‌ಗೆ ಪಟ್ಟ ಕಳೆದುಕೊಂಡ ಅವರು ಮಾಸ್ಕೋದ ಮರುಪಂದ್ಯದಲ್ಲೂ ಸೋತರು. ಅದಾದ ಮೇಲೆ ಅಲ್ಲೇ ಕೆಲವು ವಾರ ಮಾನಸಿಕ ಚಿಕಿತ್ಸಾಲಯದಲ್ಲಿದ್ದರು. 1900ರಲ್ಲಿ ನ್ಯೂಯಾರ್ಕ್‌ನ ಮಾನಸಿಕ ಆಸ್ಪತ್ರೆಯಲ್ಲಿ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡರು. ಇವತ್ತು ನಾವು 'ಪೊಸಿಷನಲ್ ಆಟ' ಅಂತ ಕಲಿಸುವುದಕ್ಕೆಲ್ಲ ತಳಪಾಯ ಹಾಕಿದ ಮನುಷ್ಯ ಅವರು. ಕಥೆ ಕೇಳಿ ನಗುವವರಿಗೆ ಈ ಕೊನೆ ಗೊತ್ತಿರುವುದಿಲ್ಲ.

ಪಾಲ್ ಮಾರ್ಫಿ ಕಥೆಯೂ ಹೀಗೇ ತಿರುಚಿಕೊಂಡಿದೆ. ನ್ಯೂ ಆರ್ಲಿಯನ್ಸ್‌ನ ಹುಡುಗ, 1858ರಲ್ಲಿ ಯುರೋಪಿಗೆ ಹೋಗಿ ಎದುರಿಗೆ ಬಂದವರನ್ನೆಲ್ಲ ಸೋಲಿಸಿದ. ಆಮೇಲೆ ಗಂಭೀರ ಆಟವನ್ನೇ ಬಿಟ್ಟ. ವಕೀಲಿ ಕೈಹಿಡಿಯಲಿಲ್ಲ. ಬರಬರುತ್ತಾ ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಅನ್ನುವ ಭಯ ಹತ್ತಿತು. 1884ರಲ್ಲಿ, 47ನೇ ವಯಸ್ಸಿನಲ್ಲಿ, ಸುಡುಬಿಸಿಲಲ್ಲಿ ತಿರುಗಾಡಿ ಬಂದು ಸ್ನಾನಕ್ಕಿಳಿದಾಗ ಪ್ರಾಣ ಹೋಯಿತು. ಇಷ್ಟು ನಿಜ. 'ಸುತ್ತಲೂ ಹೆಂಗಸರ ಚಪ್ಪಲಿ ಜೋಡಿಸಿಕೊಂಡು ಸತ್ತಿದ್ದ' ಅನ್ನುವುದು ಸುಳ್ಳು. ಅದರ ಮೂಲ ಅವರ ಸೋದರನ ಮಗಳು ಬರೆದ ಒಂದು ಪುಟ್ಟ ನೆನಪು. ಮಾರ್ಫಿ ತಮ್ಮದೇ ಹತ್ತು ಹನ್ನೆರಡು ಜೊತೆ ಬೂಟುಗಳನ್ನು ಕೋಣೆಯ ನಡುವೆ ಅರ್ಧಚಂದ್ರದ ಆಕಾರದಲ್ಲಿ ಇಡುತ್ತಿದ್ದರಂತೆ. ಬೇಕಾದ ಜೊತೆ ತಕ್ಷಣ ಕೈಗೆ ಸಿಗಲಿ ಅಂತ. ಎಷ್ಟು ಸರಳ ಅಲ್ವಾ? ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಬೂಟು ಹೆಂಗಸರದ್ದಾಯಿತು, ಕೋಣೆ ಬಚ್ಚಲಾಯಿತು.

ಕಟ್ಟುಕಥೆ ಗುರುತಿಸುವ ಒಂದು ಉಪಾಯ ಹೇಳುತ್ತೇನೆ. ಹೇಳುವವರು ಬದಲಾದ ಹಾಗೆ ಕಥೆಯ ಪಾತ್ರವೂ ಬದಲಾದರೆ ಅನುಮಾನ ಪಡಿ. ಆರೊನ್ ನಿಮ್ಜೊವಿಚ್ ಅವರಿಗೆ ಸಿಗಾರ್ ಹೊಗೆ ಆಗುತ್ತಿರಲಿಲ್ಲ. ಎದುರಾಳಿ ಸಿಗಾರ್ ತೆಗೆದು ಹಚ್ಚದೆ ಮೇಜಿನ ಮೇಲಿಟ್ಟರಂತೆ. ನಿಮ್ಜೊವಿಚ್ ತೀರ್ಪುಗಾರರ ಬಳಿ ಓಡಿದರಂತೆ. 'ಅವರು ಸೇದುತ್ತಿಲ್ಲವಲ್ಲ' ಅಂದಿದ್ದಕ್ಕೆ, 'ಸೇದುವ ಬೆದರಿಕೆ ಹಾಕುತ್ತಿದ್ದಾರೆ, ಚೆಸ್‌ನಲ್ಲಿ ದಾಳಿಗಿಂತ ಬೆದರಿಕೆಯೇ ಜೋರು' ಅಂದರಂತೆ. ಸಿಗಾರ್ ಇಟ್ಟವರು ಒಂದು ಕಡೆ ಲಾಸ್ಕರ್, ಇನ್ನೊಂದು ಕಡೆ ವಿಡ್ಮಾರ್, ಮತ್ತೊಂದು ಕಡೆ ಬೊಗೊಲ್ಯುಬೊವ್. ಕಥೆ ಚೆನ್ನಾಗಿದೆ, ಆದರೆ ನಂಬಬೇಡಿ. ನಿಮ್ಜೊವಿಚ್ ಟೂರ್ನಿಗಳ ನಡುವೆ ವ್ಯಾಯಾಮ ಮಾಡುತ್ತಿದ್ದರು, ತಲೆ ಕೆಳಗಾಗಿ ನಿಲ್ಲುತ್ತಿದ್ದರು ಅನ್ನುವುದನ್ನು ಮಾತ್ರ ಹಲವರು ಬರೆದಿದ್ದಾರೆ. ಆಗ ಅದು ನಗೆಪಾಟಲಾಗಿತ್ತು. ಈಗ ದೊಡ್ಡ ಆಟಗಾರರೆಲ್ಲ ಜಿಮ್‌ಗೆ ಹೋಗುತ್ತಾರೆ, ಯಾರೂ ನಗುವುದಿಲ್ಲ.

ಹೊಗೆ ಅಂದಾಗ ಮಿಖಾಯಿಲ್ ಬೊಟ್ವಿನ್ನಿಕ್ ನೆನಪಾಗುತ್ತಾರೆ. ವೃತ್ತಿಯಲ್ಲಿ ಎಂಜಿನಿಯರ್, ಸ್ವಭಾವದಲ್ಲೂ ಎಂಜಿನಿಯರ್. ಹೊಗೆ ಅವರಿಗೂ ಆಗುತ್ತಿರಲಿಲ್ಲ. ದೂರು ಕೊಡುವ ಬದಲು ಅಭ್ಯಾಸದ ಆಟಗಳಲ್ಲಿ ಸ್ನೇಹಿತ ರಗೋಜಿನ್ ಕೈಲಿ ಮುಖಕ್ಕೇ ಹೊಗೆ ಬಿಡಿಸಿಕೊಂಡರು. ಪಕ್ಕದಲ್ಲಿ ರೇಡಿಯೊ ಜೋರಾಗಿ ಹಾಕಿಸಿಕೊಂಡರು. ಹೊರಗಿನಿಂದ ನೋಡಿದವರಿಗೆ ಶುದ್ಧ ಹುಚ್ಚು. ಒಳಗಿನ ಲೆಕ್ಕ ಪಕ್ಕಾ.

ಸದ್ದು ಚೆಸ್‌ನಲ್ಲಿ ದೊಡ್ಡ ವಿಷಯ. 1971ರಲ್ಲಿ ಸೆವಿಲ್ಲೆಯಲ್ಲಿ ಟಿಗ್ರಾನ್ ಪೆಟ್ರೋಸಿಯಾನ್ ಮತ್ತು ರಾಬರ್ಟ್ ಹ್ಯೂಬ್ನರ್ ಕ್ಯಾಂಡಿಡೇಟ್ಸ್ ಪಂದ್ಯ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಸ್ಪರ್ಧೆ) ಆಡಿದರು. ಸಭಾಂಗಣದಲ್ಲಿ ವಿಪರೀತ ಗದ್ದಲ. ಆರು ಡ್ರಾ ಆದ ಮೇಲೆ ಏಳನೇ ಆಟದಲ್ಲಿ ಹ್ಯೂಬ್ನರ್ ಸೋತು, ಪಂದ್ಯವನ್ನೇ ಬಿಟ್ಟು ಹೊರಟುಹೋದರು. ಪೆಟ್ರೋಸಿಯಾನ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಶ್ರವಣ ಯಂತ್ರ ಆಫ್ ಮಾಡಿಕೊಂಡು ಹಾಯಾಗಿ ಆಡಿದರು.

ಇನ್ನು ನನಗೆ ಅತ್ಯಂತ ಪ್ರೀತಿಯ ಮನುಷ್ಯನಿಗೆ ಬರುತ್ತೇನೆ. ರಿಗಾದ ಮಿಖಾಯಿಲ್ ತಾಲ್. ಬಲಗೈಯಲ್ಲಿ ಹುಟ್ಟಿನಿಂದ ಮೂರೇ ಬೆರಳು. ಆರೋಗ್ಯ ಜೀವನಪೂರ್ತಿ ಕೈಕೊಟ್ಟಿತು, ಒಂದು ಮೂತ್ರಪಿಂಡ ತೆಗೆದಿದ್ದರು. ಸಿಗರೇಟು ಬಾಯಿಂದ ಇಳಿಯುತ್ತಿರಲಿಲ್ಲ. 1960ರಲ್ಲಿ, 23ನೇ ವಯಸ್ಸಿನಲ್ಲಿ, ಬೊಟ್ವಿನ್ನಿಕ್ ಅವರನ್ನು ಸೋಲಿಸಿ ಚಾಂಪಿಯನ್ ಆದರು. ಮರುವರ್ಷ ಮರುಪಂದ್ಯದಲ್ಲಿ ಸೋತರು. ಎದುರಾಳಿಯನ್ನು ದಿಟ್ಟಿಸಿ ನೋಡುವುದು ಅವರ ಅಭ್ಯಾಸ. ಆ ನೋಟದಿಂದ ವಶೀಕರಣ ಮಾಡುತ್ತಾರೆ ಅಂತ ಕೆಲವರು ಭಯಪಡುತ್ತಿದ್ದರು. 1959ರ ಕ್ಯಾಂಡಿಡೇಟ್ಸ್ ಟೂರ್ನಿಗೆ ಪಾಲ್ ಬೆಂಕೊ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ತಾಲ್ ಸುಮ್ಮನಿರಲಿಲ್ಲ. ಪೆಟ್ರೋಸಿಯಾನ್ ಹತ್ತಿರ ಸಾಲ ತಂದ ದೊಡ್ಡ ಕಪ್ಪು ಕನ್ನಡಕ ಏರಿಸಿ ಎದುರಿಗೆ ಕೂತರು. ಸಭಾಂಗಣವೆಲ್ಲ ನಕ್ಕಿತು. ಟೂರ್ನಿ ಗೆದ್ದವರು ತಾಲ್.

ಹಿಪ್ಪೋ ಕಥೆ ನೀವು ಕೇಳಿರಲಿಕ್ಕಿಲ್ಲ. ವಾಸ್ಯುಕೋವ್ ಎದುರಿನ ಒಂದು ಆಟದಲ್ಲಿ ಕುದುರೆ ಬಲಿ ಕೊಡಬೇಕೋ ಬೇಡವೋ ಅಂತ ತಾಲ್ ಯೋಚನೆಗೆ ಬಿದ್ದರು. ಲೆಕ್ಕ ಸಾವಿರ ದಾರಿಯಲ್ಲಿ ಕವಲೊಡೆಯಿತು. ಆಗ ಇದ್ದಕ್ಕಿದ್ದಂತೆ ಒಂದು ಮಕ್ಕಳ ಪದ್ಯದ ಸಾಲು ತಲೆಗೆ ಬಂತು. ಜೌಗಿನಲ್ಲಿ ಸಿಕ್ಕಿಕೊಂಡ ಹಿಪ್ಪೋವನ್ನು ಮೇಲೆತ್ತುವುದು ಎಷ್ಟು ಕಷ್ಟ ಅನ್ನುವ ಸಾಲು. ಅಲ್ಲಿಗೆ ಚೆಸ್ ಹೋಯಿತು. ಜ್ಯಾಕ್ ಹಾಕಿದರೆ? ಸನ್ನೆಕೋಲು? ಹೆಲಿಕಾಪ್ಟರ್? ಹಗ್ಗದ ಏಣಿ? ಎಷ್ಟೋ ಹೊತ್ತು ಹಿಪ್ಪೋ ಎತ್ತುವ ಉಪಾಯ ಹುಡುಕಿ, ಕೊನೆಗೆ 'ಹಾಳಾಗಿ ಹೋಗಲಿ, ಮುಳುಗಲಿ' ಅಂದುಕೊಂಡರು. ಬೋರ್ಡ್ ನೋಡಿದರೆ ಈಗ ಎಲ್ಲ ಸರಳವಾಗಿ ಕಂಡಿತು. ಲೆಕ್ಕ ಹಾಕಿ ಮುಗಿಯುವ ಬಲಿ ಇದಲ್ಲ, ಮನಸ್ಸು ಹೇಳಿದ ಹಾಗೆ ಕೊಡಬೇಕು ಅಂತ ಕೊಟ್ಟರು, ಗೆದ್ದರು. ಮಾರನೇ ದಿನ ಪತ್ರಿಕೆಯಲ್ಲಿ 'ತಾಲ್ 40 ನಿಮಿಷ ಆಳವಾಗಿ ಯೋಚಿಸಿ, ಕರಾರುವಾಕ್ಕಾಗಿ ಲೆಕ್ಕ ಹಾಕಿ ಬಲಿ ಕೊಟ್ಟರು' ಅಂತ ಬಂತು. ಇದನ್ನು ಹೇಳಿಕೊಂಡವರು ತಾಲ್ ಅವರೇ. ಕಥೆಗೆ ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಆದರೂ ಆಟಗಾರನ ತಲೆಯೊಳಗೆ ನಿಜವಾಗಿ ಏನಾಗುತ್ತದೆ ಅನ್ನುವುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದವರು ಕಡಿಮೆ.

1992ರ ಮೇ ತಿಂಗಳಲ್ಲಿ ತಾಲ್ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಎದ್ದು ಮಾಸ್ಕೋದ ಬ್ಲಿಟ್ಜ್ (ಕೆಲವೇ ನಿಮಿಷದ ಆಟಗಳ) ಟೂರ್ನಿಗೆ ಬಂದು, ಆಗಿನ ಚಾಂಪಿಯನ್ ಕಾಸ್ಪರೋವ್ ಅವರನ್ನು ಒಂದು ಆಟದಲ್ಲಿ ಸೋಲಿಸಿದರು. ಸರಿಯಾಗಿ ಒಂದು ತಿಂಗಳಿಗೆ ತೀರಿಕೊಂಡರು.

ಅಮೆರಿಕದ ಬಾಬಿ ಫಿಷರ್ ಬಗ್ಗೆ ಎಚ್ಚರಿಕೆಯಿಂದ ಬರೆಯಬೇಕು, ಯಾಕಂದರೆ ಅಲ್ಲಿ ಎಲ್ಲವೂ ಕಲಸಿಕೊಂಡಿದೆ. 1972, ಐಸ್‌ಲ್ಯಾಂಡ್‌ನ ರೇಕ್ಯಾವಿಕ್, ಎದುರಿಗೆ ಆಗಿನ ವಿಶ್ವ ಚಾಂಪಿಯನ್, ಸೋವಿಯತ್‌ನ ಬೋರಿಸ್ ಸ್ಪಾಸ್ಕಿ. ಫಿಷರ್ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬ್ರಿಟನ್ನಿನ ಸಿರಿವಂತ ಜಿಮ್ ಸ್ಲೇಟರ್ 1,25,000 ಡಾಲರ್ ಸೇರಿಸಿ ಬಹುಮಾನ ದುಪ್ಪಟ್ಟು ಮಾಡಿದರು. ಅಮೆರಿಕ ಅಧ್ಯಕ್ಷರ ಸಲಹೆಗಾರ ಹೆನ್ರಿ ಕಿಸಿಂಜರ್ ಫೋನ್ ಮಾಡಿದರು. ಫಿಷರ್ ಬಂದ ಮೇಲೆ ಮೊದಲ ಆಟ ಸೋತರು. ಕ್ಯಾಮೆರಾ ಸದ್ದು ಅಂತ ತಕರಾರು ತೆಗೆದು ಎರಡನೇ ಆಟಕ್ಕೆ ಬರಲೇ ಇಲ್ಲ. ಮೂರನೇ ಆಟ ವೇದಿಕೆಯ ಹಿಂದಿನ ಕೋಣೆಯಲ್ಲಿ ನಡೆಯಿತು. ಫಿಷರ್ ತಮ್ಮ ಜೀವನದಲ್ಲಿ ಸ್ಪಾಸ್ಕಿಯನ್ನು ಮೊದಲ ಸಲ ಸೋಲಿಸಿದ್ದು ಅಲ್ಲೇ. ಅಲ್ಲಿಂದ ಪಂದ್ಯ ತಿರುಗಿ, 12½–8½ರಿಂದ ಚಾಂಪಿಯನ್ ಆದರು. ಕೊನೆಯ ಹಂತದಲ್ಲಿ ಅನುಮಾನ ಪಡುವ ಸರದಿ ಸೋವಿಯತ್ ತಂಡದ್ದು. ಕುರ್ಚಿಯಲ್ಲಿ, ದೀಪದಲ್ಲಿ ಏನೋ ಯಂತ್ರ ಇಟ್ಟು ಸ್ಪಾಸ್ಕಿಯ ಏಕಾಗ್ರತೆ ಕೆಡಿಸುತ್ತಿದ್ದಾರೆ ಅಂದರು. ತಪಾಸಣೆ ಮಾಡಿದಾಗ ದೀಪದೊಳಗೆ ಸಿಕ್ಕಿದ್ದು ಎರಡು ಸತ್ತ ನೊಣ.

ಫಿಷರ್ ಕೇಳಿದ್ದೆಲ್ಲ ಹುಚ್ಚು ಬೇಡಿಕೆಯಾ? ಒಳ್ಳೆ ಬೆಳಕು ಬೇಕು, ಪ್ರೇಕ್ಷಕರು ದೂರ ಇರಬೇಕು, ಸದ್ದಿರಬಾರದು, ಆಟಗಾರರಿಗೆ ಮರ್ಯಾದೆಯ ದುಡ್ಡು ಕೊಡಬೇಕು. ಇವತ್ತು ಎಲ್ಲ ದೊಡ್ಡ ಟೂರ್ನಿಗಳಲ್ಲೂ ಇವು ಮಾಮೂಲು. ಪ್ರತಿ ನಡೆಗೂ ಕೆಲವು ಸೆಕೆಂಡು ಸೇರಿಸುವ ಗಡಿಯಾರಕ್ಕೆ ಪೇಟೆಂಟ್ ತೆಗೆದುಕೊಂಡವರೂ ಅವರೇ. ನಿಮ್ಮ ಮಗಳು ಟೂರ್ನಿಯಲ್ಲಿ ಆಡಿದರೆ ಬಹುಶಃ ಅದೇ ಪದ್ಧತಿಯ ಗಡಿಯಾರ ಒತ್ತುತ್ತಾಳೆ. ಆದರೆ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 1975ರಲ್ಲಿ ಪಟ್ಟ ಬಿಟ್ಟುಕೊಟ್ಟು ಮರೆಯಾದರು. 1992ರಲ್ಲಿ ನಿರ್ಬಂಧ ಮುರಿದು ಯುಗೊಸ್ಲಾವಿಯಾದಲ್ಲಿ ಸ್ಪಾಸ್ಕಿ ಜೊತೆ ಆಡಿದರು, ಆಡಬೇಡಿ ಅನ್ನುವ ಅಮೆರಿಕ ಸರ್ಕಾರದ ಆದೇಶಪತ್ರಕ್ಕೇ ಕ್ಯಾಮೆರಾ ಮುಂದೆ ಉಗುಳಿದರು. ತಾಯಿ ಯಹೂದಿಯಾಗಿದ್ದರೂ ಯಹೂದಿಯರ ಮೇಲೆ ರೇಡಿಯೊದಲ್ಲಿ ವಿಷ ಕಾರಿದರು. ಅದಕ್ಕೆ 'ಪ್ರತಿಭಾವಂತರು ಹಾಗೇ' ಅಂತ ರಿಯಾಯಿತಿ ಕೊಡಲು ನಾನು ತಯಾರಿಲ್ಲ. 2008ರಲ್ಲಿ, ಕೊನೆಗೆ ಆಶ್ರಯ ಕೊಟ್ಟ ಐಸ್‌ಲ್ಯಾಂಡ್‌ನಲ್ಲೇ ತೀರಿಕೊಂಡರು.

ಈಗ ಬದುಕಿರುವವರಲ್ಲಿ ನಿಜವಾದ ವರ್ಣರಂಜಿತ ವ್ಯಕ್ತಿ ಅಂದರೆ ಉಕ್ರೇನಿನ ವಾಸಿಲಿ ಇವಾನ್‌ಚುಕ್. ಬೋರ್ಡ್ ಬಿಟ್ಟು ಚಾವಣಿ ನೋಡುತ್ತಾ ಯೋಚಿಸುತ್ತಾರೆ. ಆಟಗಾರರು ಅವರ ಬಗ್ಗೆ 'ಇವಾನ್‌ಚುಕ್ ಗ್ರಹ'ದಲ್ಲಿ ಇರುತ್ತಾರೆ ಅಂತ ಹೇಳುವುದನ್ನು ವಿಶ್ವನಾಥನ್ ಆನಂದ್ ನೆನಪಿಸಿಕೊಂಡಿದ್ದಾರೆ. 1991ರ ಲಿನಾರೆಸ್‌ನಲ್ಲಿ ಕಾಸ್ಪರೋವ್, ಕಾರ್ಪೋವ್ ಇಬ್ಬರನ್ನೂ ಸೋಲಿಸಿ ಟೂರ್ನಿ ಗೆದ್ದವರು ಅವರು. 2008ರ ಡ್ರೆಸ್ಡೆನ್ ಒಲಿಂಪಿಯಾಡ್‌ನ ಕೊನೆ ಸುತ್ತಿನಲ್ಲಿ ಸೋತಾಗ ಎದ್ದುಹೋಗಿ ಕಂಬಕ್ಕೆ ಒದ್ದರು, ಡೋಪಿಂಗ್ ಪರೀಕ್ಷೆಗೆ ಕರೆದರೆ ಹೋಗಲೇ ಇಲ್ಲ. ವಿಚಾರಣೆ ನಡೆದು ಶಿಕ್ಷೆ ಇಲ್ಲದೆ ಮುಗಿಯಿತು. ಚೆಸ್‌ನಲ್ಲಿ ಯಾವ ಮದ್ದು ತಿಂದರೆ ಒಳ್ಳೆ ನಡೆ ಹೊಳೆಯುತ್ತದೆ ಅನ್ನುವುದು ಬೇರೆ ಪ್ರಶ್ನೆ. 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ 14 ಸುತ್ತುಗಳಲ್ಲಿ ಐದು ಆಟ ಸಮಯ ಮೀರಿ ಸೋತರು. ಅದೇ ಟೂರ್ನಿಯಲ್ಲಿ ಕಾರ್ಲ್‌ಸನ್ ಅವರನ್ನೂ ಕ್ರಾಮ್ನಿಕ್ ಅವರನ್ನೂ ಸೋಲಿಸಿದರು. ಅಲ್ಲಿ ಮೊದಲ ಸ್ಥಾನಕ್ಕೆ ಪೈಪೋಟಿ ಇದ್ದದ್ದು ಇವರಿಬ್ಬರ ನಡುವೆಯೇ! 2016ರಲ್ಲಿ ದೋಹಾದಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ಬಹುಮಾನಕ್ಕೆ ಹೆಸರು ಕರೆಯುವಾಗ ಅವರು ಜೋಬಾವಾ ಜೊತೆ ಚೆಕರ್ಸ್ ಆಡುವುದರಲ್ಲಿ ಮುಳುಗಿದ್ದರು. ಇಲ್ಲಿ ನಾಟಕ ಇಲ್ಲ, ಯಾರನ್ನೂ ಕೆಣಕುವ ಉದ್ದೇಶ ಇಲ್ಲ. ಆ ಮನುಷ್ಯನಿಗೆ ಆಟ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ, ಅಷ್ಟೇ.

ಇನ್ನು ಕೆಲವರನ್ನು ಬೇಗ ಹೇಳಿಬಿಡುತ್ತೇನೆ. ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯೂಶಾಂ ಕಲೆ ಪಕ್ಕಕ್ಕಿಟ್ಟು ಚೆಸ್ ಹಿಂದೆ ಬಿದ್ದು ಒಲಿಂಪಿಯಾಡ್‌ಗಳಲ್ಲಿ ಫ್ರಾನ್ಸ್ ಪರ ಆಡಿದರು. 1927ರಲ್ಲಿ ಮದುವೆಯಾದ ಹೊಸದರಲ್ಲೂ ರಾತ್ರಿಯೆಲ್ಲ ಚೆಸ್ ಸಮಸ್ಯೆ ಬಿಡಿಸುತ್ತಿದ್ದರಂತೆ. ಹೆಂಡತಿ ಒಂದು ದಿನ ಕಾಯಿಗಳನ್ನೆಲ್ಲ ಬೋರ್ಡಿಗೆ ಅಂಟಿಸಿಬಿಟ್ಟರು. ಸ್ವಲ್ಪ ದಿನಕ್ಕೇ ಮದುವೆ ಮುರಿಯಿತು. ನನ್ನ ಮತ ಹೆಂಡತಿಗೆ. ಜರ್ಮನಿಯ ಫ್ರಿಟ್ಜ್ ಝೆಮಿಶ್‌ಗೆ ಗಡಿಯಾರ ಅಂದರೆ ಆಗುತ್ತಿರಲಿಲ್ಲ. 1969ರಲ್ಲಿ ಲಿನ್‌ಶೊಪಿಂಗ್‌ನಲ್ಲಿ ಆಡಿದ 13 ಆಟಗಳನ್ನೂ ಸಮಯ ಮೀರಿ ಸೋತರು. ಎಲ್ಲ ಹದಿಮೂರೂ. ಕಿರ್ಸಾನ್ ಇಲ್ಯುಮ್‌ಝಿನೋವ್ 1995ರಿಂದ 2018ರವರೆಗೆ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರಾಗಿದ್ದರು. 1997ರಲ್ಲಿ ಅನ್ಯಗ್ರಹದವರು ತಮ್ಮನ್ನು ನೌಕೆಗೆ ಕರೆದೊಯ್ದಿದ್ದರು ಅಂತ ಗಂಭೀರವಾಗಿ ಹೇಳಿಕೊಂಡವರು. ಅವರದೇ ಊರು ಎಲಿಸ್ತಾದಲ್ಲಿ 2006ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಕ್ರಾಮ್ನಿಕ್ ಜಾಸ್ತಿ ಸಲ ಶೌಚಾಲಯಕ್ಕೆ ಹೋಗುತ್ತಾರೆ ಅಂತ ಟೊಪಾಲೊವ್ ಕಡೆಯವರು ದೂರಿದರು. ಬಾಗಿಲಿಗೆ ಬೀಗ ಬಿತ್ತು. ಕ್ರಾಮ್ನಿಕ್ ಕೂತು ಪ್ರತಿಭಟಿಸಿ ಒಂದು ಆಟ ಕಳೆದುಕೊಂಡರು, ಆದರೂ ಟೈಬ್ರೇಕರ್‌ನಲ್ಲಿ ಗೆದ್ದರು.

ಈ ಸಾಲಿಗೆ ಮಿಗೆಲ್ ನಾಯ್ಡೋರ್ಫ್ ಅವರನ್ನು ಸೇರಿಸಲು ಮನಸ್ಸು ಬರುವುದಿಲ್ಲ. ಆದರೂ ಹೇಳಬೇಕು. ಪೋಲೆಂಡ್‌ನವರು. 1939ರಲ್ಲಿ ಬ್ಯೂನಸ್ ಐರಿಸ್ ಒಲಿಂಪಿಯಾಡ್ ನಡೆಯುವಾಗ ಯುದ್ಧ ಶುರುವಾಯಿತು. ಅವರು ಅರ್ಜೆಂಟೀನಾದಲ್ಲೇ ಉಳಿದರು. 1947ರಲ್ಲಿ ಸಾವೊ ಪಾಲೊದಲ್ಲಿ ಬೋರ್ಡ್ ನೋಡದೆ ಏಕಕಾಲಕ್ಕೆ 45 ಜನರ ಜೊತೆ ಆಡಿದರು. 39 ಗೆಲುವು, 4 ಡ್ರಾ, 2 ಸೋಲು. ಸುಮಾರು ಒಂದು ಹಗಲು ರಾತ್ರಿ ಹಿಡಿಯಿತು. ಇಂಥ ಸಾಹಸ ಯಾಕೆ? ಸುದ್ದಿ ಪತ್ರಿಕೆಗಳಲ್ಲಿ ಬಂದರೆ ಪೋಲೆಂಡ್‌ನಲ್ಲಿ ತನ್ನ ಮನೆಯವರು ಯಾರಾದರೂ ಬದುಕುಳಿದಿದ್ದರೆ ನೋಡಿಯಾರು, ತಾನು ಇಲ್ಲಿದ್ದೇನೆ ಅಂತ ತಿಳಿದೀತು ಅನ್ನುವ ಆಸೆ. ಯಾರೂ ಉಳಿದಿರಲಿಲ್ಲ. ಮುಂದೆ ಆ ದಾಖಲೆ 2011ರವರೆಗೆ ನಿಂತಿತು.

ಹಾಗಾದರೆ ಚೆಸ್ ತಲೆ ಕೆಡಿಸುತ್ತಾ? ನಾನು ಹೇಳುವುದು ಇಷ್ಟೇ. ಸ್ಟೈನಿಟ್ಜ್‌ನಿಂದ 2024ರಲ್ಲಿ ಗೆದ್ದ ಗುಕೇಶ್‌ವರೆಗೆ 18 ವಿಶ್ವ ಚಾಂಪಿಯನ್ನರ ಪಟ್ಟಿ ತೆಗೆದುಕೊಳ್ಳಿ. ಯೂವೆ ಗಣಿತದ ಮೇಷ್ಟ್ರು. ಸ್ಮಿಸ್ಲೋವ್ ಬಾಲ್ಶೊಯ್ ಒಪೆರಾಗೆ ಪರೀಕ್ಷೆ ಕೊಟ್ಟಿದ್ದ ಗಾಯಕ. ಲಾಸ್ಕರ್ ಗಣಿತಜ್ಞ, 27 ವರ್ಷ ಪಟ್ಟ ಉಳಿಸಿಕೊಂಡವರು. ಸ್ಪಾಸ್ಕಿ ತಮ್ಮನ್ನು ಸೋಲಿಸಿದ ಫಿಷರ್‌ಗೆ ಆರನೇ ಆಟದ ಕೊನೆಗೆ ಚಪ್ಪಾಳೆ ತಟ್ಟಿದರು. ಆನಂದ್ ಬಗ್ಗೆ ಹೇಳುವುದೇ ಬೇಡ. ಇವರ ಬಗ್ಗೆ ಯಾರೂ ಕಥೆ ಕಟ್ಟುವುದಿಲ್ಲ, ಅದಕ್ಕೇ ನಿಮ್ಮ ಕಿವಿಗೆ ಬಿದ್ದಿಲ್ಲ. ಮಾನಸಿಕ ಕಾಯಿಲೆ ಬಂದವರು ಇದ್ದಾರೆ, ಎಲ್ಲ ವೃತ್ತಿಯಲ್ಲೂ ಇರುವ ಹಾಗೆ. ಅದನ್ನು ಬಣ್ಣ ಅಂತ ಮಾರಬಾರದು. ಹಳೇ ಕಾಲದಲ್ಲಿ ಚೆಸ್ ಹೊಟ್ಟೆ ತುಂಬಿಸುತ್ತಿರಲಿಲ್ಲ. 1910ರಲ್ಲಿ ಲಾಸ್ಕರ್ ಜೊತೆ ಪಟ್ಟದ ಪಂದ್ಯವನ್ನು ಸಮ ಮಾಡಿಕೊಂಡ ಕಾರ್ಲ್ ಶ್ಲೆಕ್ಟರ್ 1918ರಲ್ಲಿ ಸತ್ತಿದ್ದು ನ್ಯುಮೋನಿಯಾದಿಂದ, ಅರೆಹೊಟ್ಟೆಯಲ್ಲಿ. ಬಹಳ ಜನರನ್ನು ಮುರಿದಿದ್ದು ಆಟಕ್ಕಿಂತ ಆ ಬದುಕು.

ಈಗ ಕೋಚು, ಪ್ರಾಯೋಜಕರು, ಒಪ್ಪಂದ ಎಲ್ಲ ಇವೆ. ವಿಚಿತ್ರಗಳೂ ಸಣ್ಣದಾಗಿವೆ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕಾರ್ಲ್‌ಸನ್ ಜೀನ್ಸ್ ಬದಲಿಸಲು ಒಪ್ಪದೆ ರ‍್ಯಾಪಿಡ್ ಟೂರ್ನಿ ಬಿಟ್ಟರು, ನಿಯಮ ಸಡಿಲಿಸಿದ ಮೇಲೆ ಬ್ಲಿಟ್ಜ್‌ಗೆ ವಾಪಸ್ ಬಂದು ನೆಪೊಮ್ನಿಯಾಷಿ ಜೊತೆ ಪ್ರಶಸ್ತಿ ಹಂಚಿಕೊಂಡರು. ಮೊಸರಿನ ಮುಂದೆ ಜೀನ್ಸ್ ಯಾವ ಲೆಕ್ಕ?

ಮಗಳಿಗೆ ಧಾರಾಳವಾಗಿ ತೋರಿಸಿ. ಮೊದಲು ಮಾರ್ಫಿ, 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಜೋಡಿಯ ಎದುರು ಆಡಿದ 17 ನಡೆಯ ಆಟ. ಕಾಯಿಗಳನ್ನು ಬೇಗ ಹೊರಗೆ ತರುವುದು ಯಾಕೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳುವುದಿಲ್ಲ. ಆಮೇಲೆ 1923ರ ಝೆಮಿಶ್–ನಿಮ್ಜೊವಿಚ್, ಬೋರ್ಡ್ ತುಂಬ ಕಾಯಿ ಇದ್ದರೂ ಬಿಳಿಗೆ ಆಡಲು ಒಂದೂ ಒಳ್ಳೆ ನಡೆ ಉಳಿಯದ ಆಟ. ಮೊದಲ ಮಹಿಳಾ ವಿಶ್ವ ಚಾಂಪಿಯನ್ ವೆರಾ ಮೆನ್ಚಿಕ್ ಬಗ್ಗೆ ತಪ್ಪದೆ ಹೇಳಿ. 1929ರ ಕಾರ್ಲ್ಸ್‌ಬಾದ್ ಟೂರ್ನಿಯಲ್ಲಿ ಆಕೆಗೆ ಸೋತವರದ್ದೊಂದು ಕ್ಲಬ್ ಮಾಡೋಣ ಅಂತ ಆಲ್ಬರ್ಟ್ ಬೆಕರ್ ಲೇವಡಿ ಮಾಡಿದರು. ಮೊದಲ ಸದಸ್ಯರಾದದ್ದು ಅವರೇ. ಮುಂದೆ ಯೂವೆ, ಸುಲ್ತಾನ್ ಖಾನ್ ಕೂಡ ಆ ಕ್ಲಬ್ ಸೇರಿದರು. ತಾಲ್ ಆಟಗಳನ್ನು ಸ್ವಲ್ಪ ತಡವಾಗಿ ತೋರಿಸಿ, ಇಲ್ಲದಿದ್ದರೆ ಸಿಕ್ಕಿದ್ದನ್ನೆಲ್ಲ ಬಲಿ ಕೊಡಲು ಶುರು ಮಾಡುತ್ತಾಳೆ.

ಕೊನೆಗೆ ಇಂಗ್ಲೆಂಡ್‌ನ ಟೋನಿ ಮೈಲ್ಸ್. 1980ರಲ್ಲಿ ಸ್ಕಾರಾದಲ್ಲಿ ವಿಶ್ವ ಚಾಂಪಿಯನ್ ಕಾರ್ಪೋವ್ ರಾಜನ ಪಾನ್ ಎರಡು ಮನೆ ನಡೆಸಿದರು. ಮೈಲ್ಸ್ ಉತ್ತರವಾಗಿ ಅಂಚಿನ ಪಾನನ್ನು ಒಂದು ಮನೆ ತಳ್ಳಿದರು. ಅದು ಅದೇ ತಾನೇ ನಡೆ ಕಲಿತವರು ಆಡುವ ನಡೆ, ಪ್ರೇಕ್ಷಕರು ನಕ್ಕರು. ಆಟ ಗೆದ್ದದ್ದು ಮೈಲ್ಸ್. ಐದು ವರ್ಷದ ಮೇಲೆ ಟಿಲ್‌ಬರ್ಗ್‌ನಲ್ಲಿ ಬೆನ್ನುನೋವು ಅಂತ ಮಸಾಜ್ ಮೇಜಿನ ಮೇಲೆ ಬೋರಲಾಗಿ ಮಲಗಿಕೊಂಡೇ ಆಡಿ ಮೊದಲ ಸ್ಥಾನ ಹಂಚಿಕೊಂಡರು. ಸ್ಕಾರಾದ ಆಟ ನೋಡಿದ ಮೇಲೆ ನಿಮ್ಮ ಮಗಳು ಒಂದಷ್ಟು ದಿನ ಎಲ್ಲ ಆಟದಲ್ಲೂ ಅಂಚಿನ ಪಾನ್ ತಳ್ಳುತ್ತಾಳೆ. ತಳ್ಳಲಿ ಬಿಡಿ. ನಾಲ್ಕು ಆಟ ಸೋತ ಮೇಲೆ, ಮೈಲ್ಸ್ ಆ ನಡೆಯ ನಂತರ ಕಾಯಿಗಳನ್ನು ಎಲ್ಲೆಲ್ಲಿ ಇಟ್ಟರು ಅಂತ ಅವಳೇ ಬಂದು ಕೇಳುತ್ತಾಳೆ. ಆಗ ಬೋರ್ಡ್ ತೆಗೆದು ಮೊದಲಿನಿಂದ ಆಡಿಸಿ.